ಓಡುವ ಮೋಟಾರು ಸೈಕಲ್ಲನ್ನು ಕ್ಯಾಮೆರಾ ಗುರುತಿಸುವುದು ಹೇಗೆ?

ವಾಹನದ ವೇಗವನ್ನು ಅದರ ಮೇಲೆ ಕುಳಿತವನು ತಿಳಿಯುವುದು ಕಷ್ಟವಲ್ಲ. ಅವನ ಕಣ್ಣೆದುರಿಗೇ ವೇಗಮಾಪಕವಿರುತ್ತದೆ. ಆದರೆ ರಸ್ತೆಯ ಬದಿಯ ಕಂಬದ ಮೇಲೆ ಕುಳಿತಿರುವ ಪೆಟ್ಟಿಗೆಗೆ ಈ ಸೌಕರ್ಯವಿಲ್ಲ. ಅದು ಚಕ್ರವನ್ನು ಮುಟ್ಟುವುದಿಲ್ಲ, ಎಂಜಿನ್ನಿನ ಸುದ್ದಿಯನ್ನು ಕೇಳುವುದಿಲ್ಲ. ಒಂದು ಲಾರಿ, ಅದರ ಪಕ್ಕದಲ್ಲಿ ಎರಡು ಕಾರು, ಅವುಗಳ ನಡುವಣ ಸಂದಿಯಲ್ಲಿ ನುಸುಳಿ ಬರುವ ಒಂದು ಮೋಟಾರು ಸೈಕಲ್ಲು, ಇಷ್ಟೂ ಒಮ್ಮೆಗೇ ಅದರ ಮುಂದೆ ಹಾದುಹೋಗುತ್ತವೆ. ಕೆಲವು ದಿನಗಳ ಬಳಿಕ ಆ ಮೋಟಾರು ಸೈಕಲ್ಲಿನ ಒಡೆಯನಿಗೆ ಮಾತ್ರ ನೋಟೀಸು ಬರುತ್ತದೆ: ಇಂಥ ದಿನ, ಇಂಥ ಸ್ಥಳದಲ್ಲಿ, ನಿಮ್ಮ ವಾಹನವು ಗಂಟೆಗೆ ಇಷ್ಟು ಕಿಲೊಮೀಟರು ವೇಗದಲ್ಲಿ ಸಾಗುತ್ತಿತ್ತು, ದಂಡ ತೆರತಕ್ಕದ್ದು.

ಈ ನೋಟೀಸಿನಲ್ಲಿ ಅಡಗಿರುವ ಹೇಳಿಕೆ ಒಂದಲ್ಲ, ಮೂರು. ವೇಗ ಇಷ್ಟು ಎಂಬುದು ಮೊದಲನೆಯದು. ಆ ವೇಗ ಈ ವಾಹನದ್ದೇ ಹೊರತು ಪಕ್ಕದ ವಾಹನದ್ದಲ್ಲ ಎಂಬುದು ಎರಡನೆಯದು. ಅದನ್ನು ಓಡಿಸುತ್ತಿದ್ದವನು ಇಂಥವನು ಎಂಬುದು ಮೂರನೆಯದು. ಸಾಮಾನ್ಯವಾಗಿ ಜನರು ಮೊದಲನೆಯದನ್ನೇ ದೊಡ್ಡ ಚಮತ್ಕಾರವೆಂದು ಭಾವಿಸುತ್ತಾರೆ. ವಾಸ್ತವವಾಗಿ ಕಷ್ಟವಿರುವುದು ಎರಡನೆಯದರಲ್ಲಿ. ಮೂರನೆಯದಕ್ಕಂತೂ ಯಂತ್ರದ ಬಳಿ ಉತ್ತರವೇ ಇಲ್ಲ. ಇದನ್ನು ಮನಗಾಣಲು ಮೋಟಾರು ಸೈಕಲ್ಲಿಗಿಂತ ಒಳ್ಳೆಯ ನಿದರ್ಶನ ಬೇರೆ ಇಲ್ಲ. ಅದು ಕಿರಿದು, ಅದರ ಮೈಯಲ್ಲಿ ಲೋಹ ಕಡಿಮೆ, ನಂಬರು ಫಲಕ ಚಿಕ್ಕದು, ಸವಾರನ ಮುಖದ ಮೇಲೆ ಹೆಲ್ಮೆಟ್ಟು. ಅದನ್ನು ತಪ್ಪಿಲ್ಲದೆ ಗುರುತಿಸಬಲ್ಲ ಉಪಕರಣಕ್ಕೆ ಉಳಿದ ವಾಹನಗಳು ಅಷ್ಟು ಕಷ್ಟವಾಗಲಾರವು.

ಪಂದ್ಯಗಾರನ ಉಪಕರಣ

ದೂರವನ್ನು ಕಾಲದಿಂದ ಭಾಗಿಸಿದರೆ ವೇಗ ದೊರೆಯುತ್ತದೆಂಬುದು ಶಾಲೆಯಲ್ಲಿ ನಾವೆಲ್ಲರೂ ಕಲಿತ ಪಾಠ. ವೇಗವನ್ನು ಅಳೆಯುವ ಅತ್ಯಂತ ಸರಳವಾದ ಉಪಕರಣವು ಇದನ್ನೇ ಆಶ್ರಯಿಸಿದೆ. ಅದರ ಚರಿತ್ರೆಯಲ್ಲಿ ಒಂದು ವಿನೋದವುಂಟು. ವೇಗವನ್ನು ತಡೆಯಬೇಕೆಂದು ಹೊರಟವನಲ್ಲ, ವೇಗವನ್ನು ಹೆಚ್ಚಿಸಿಕೊಳ್ಳಬೇಕೆಂದು ಹೊರಟವನು ಅದನ್ನು ರೂಪಿಸಿದನು. ಹಾಲೆಂಡಿನ ಮಾರಿಸ್ ಗ್ಯಾಟ್ಸೊನಿಡಿಸ್ ಎಂಬಾತನು ಮೋಟಾರು ಪಂದ್ಯಗಳ ಹೆಸರಾಂತ ಚಾಲಕ. 1953ರ ಮಾಂಟೆ ಕಾರ್ಲೊ ರ್‍ಯಾಲಿಯಲ್ಲಿ ಗೆದ್ದವನು. ತಿರುವುಗಳಲ್ಲಿ ತನ್ನ ಕಾರಿನ ವೇಗವೆಷ್ಟೆಂಬುದನ್ನು ಕರಾರುವಾಕ್ಕಾಗಿ ಅಳೆದುಕೊಂಡು, ಅದನ್ನು ಇನ್ನಷ್ಟು ಏರಿಸುವುದು ಅವನ ಉದ್ದೇಶವಾಗಿತ್ತು. ಅದಕ್ಕಾಗಿ ರಸ್ತೆಗೆ ಅಡ್ಡಲಾಗಿ ಎರಡು ರಬ್ಬರ್ ಪಟ್ಟಿಗಳನ್ನು ಹಾಸಿದನು. ಚಕ್ರವು ಮೊದಲನೆಯ ಪಟ್ಟಿಯನ್ನು ತುಳಿದೊಡನೆ ಗಡಿಯಾರ ಓಡತೊಡಗುತ್ತದೆ. ಎರಡನೆಯದನ್ನು ತುಳಿದೊಡನೆ ನಿಲ್ಲುತ್ತದೆ. 1958ರಲ್ಲಿ ಆತನು ಸ್ಥಾಪಿಸಿದ ಸಂಸ್ಥೆಯ ಉಪಕರಣಗಳು ಮುಂದೆ ಅನೇಕ ದೇಶಗಳ ಪೊಲೀಸರ ಕೈಸೇರಿದುವು. ‘ಗ್ಯಾಟ್ಸೊ’ ಎಂಬ ಹೆಸರು ಇಂಗ್ಲೆಂಡಿನಲ್ಲಿ ವೇಗದ ಕ್ಯಾಮೆರಾಕ್ಕೆ ಪರ್ಯಾಯ ಪದವೆಂಬಷ್ಟು ಬಳಕೆಗೆ ಬಂದಿತು.

ಪಟ್ಟಿಗಳ ನಡುವೆ 1.5 ಮೀಟರು ಅಂತರವಿದೆಯೆಂದು ಇಟ್ಟುಕೊಳ್ಳೋಣ. ಗಂಟೆಗೆ 60 ಕಿಲೊಮೀಟರು ವೇಗದ ವಾಹನವು ಸೆಕೆಂಡಿಗೆ 16.7 ಮೀಟರು ಚಲಿಸುತ್ತದೆ. ಈ ಅಂತರವನ್ನು ದಾಟಲು ಅದಕ್ಕೆ 0.09 ಸೆಕೆಂಡು ಸಾಕು. ಗಡಿಯಾರವು ಸೆಕೆಂಡಿನ ಸಾವಿರದಲ್ಲೊಂದು ಪಾಲು ತಪ್ಪಿದರೂ ಲೆಕ್ಕದಲ್ಲಿ ಬರುವ ವ್ಯತ್ಯಾಸವು ಗಂಟೆಗೆ ಒಂದು ಕಿಲೊಮೀಟರಿಗಿಂತ ಕಡಿಮೆ. ಆದುದರಿಂದ ಕಾಲಮಾಪನ ಇಲ್ಲಿ ಸಮಸ್ಯೆಯಲ್ಲ.

ಸಮಸ್ಯೆ ಬರುವುದು ಮೋಟಾರು ಸೈಕಲ್ಲಿನಿಂದ. ಅದರ ಎರಡು ಚಕ್ರಗಳ ನಡುವಣ ದೂರ ಸುಮಾರು 1.3 ಮೀಟರು. ಎಂದರೆ, ಮುಂಚಕ್ರವು ಎರಡನೆಯ ಪಟ್ಟಿಯನ್ನು ಮುಟ್ಟುವ ಮೊದಲೇ ಹಿಂಚಕ್ರವು ಮೊದಲನೆಯ ಪಟ್ಟಿಯನ್ನು ತುಳಿದಿರುತ್ತದೆ. ಹಿಂಚಕ್ರದ ಈ ಸುಳಿವಿನಿಂದ ಕಾಲವನ್ನು ಎಣಿಸತೊಡಗಿ, ಮುಂಚಕ್ರದ ಸುಳಿವಿಗೆ ನಿಲ್ಲಿಸುವ ಉಪಕರಣವೊಂದಿದ್ದರೆ, 60 ಕಿಲೊಮೀಟರು ವೇಗದ ಸವಾರನನ್ನು 450 ಕಿಲೊಮೀಟರು ವೇಗದಲ್ಲಿ ಹಾರಿದನೆಂದು ಅದು ದೂಷಿಸೀತು! ಆದುದರಿಂದ ಯಾವ ಸುಳಿವು ಯಾವ ಚಕ್ರದ್ದೆಂದು ಹೊಂದಿಸುವ ವಿವೇಕವನ್ನು ಉಪಕರಣಕ್ಕೆ ಕೊಡಬೇಕಾಗುತ್ತದೆ. ಮೂರನೆಯ ಪಟ್ಟಿಯನ್ನು ಸೇರಿಸಿ, ಬೇರೆ ಬೇರೆ ಜೋಡಿಗಳಿಂದ ದೊರೆತ ವೇಗಗಳು ಪರಸ್ಪರ ಹೊಂದಿದರೆ ಮಾತ್ರ ಅಂಗೀಕರಿಸುವುದು ಒಂದು ಉಪಾಯ.

ಇಂದು ರಬ್ಬರ್ ಪಟ್ಟಿಯ ಬದಲು ಒತ್ತಡ ಬಿದ್ದಾಗ ವಿದ್ಯುತ್ತನ್ನು ತೋರುವ ವಸ್ತುಗಳ ಎಳೆಗಳನ್ನು ರಸ್ತೆಯಲ್ಲಿ ಹೂಳುತ್ತಾರೆ. ಈ ಗುಣವನ್ನು 1880ರಲ್ಲಿ ಸ್ಫಟಿಕಗಳಲ್ಲಿ ಕಂಡುಹಿಡಿದವರು ಪಿಯರ್ ಮತ್ತು ಜಾಕ್ ಕ್ಯೂರಿ ಸೋದರರು. ಇನ್ನು ಕೆಲವೆಡೆ ರಸ್ತೆಯೊಳಗೆ ತಂತಿಯ ಸುರುಳಿಯನ್ನು ಹೂಳಿ, ಅದರಲ್ಲಿ ಪರ್ಯಾಯ ವಿದ್ಯುತ್ತನ್ನು ಹರಿಸುತ್ತಾರೆ. ಮೇಲೆ ಲೋಹದ ವಾಹನ ಬಂದಾಗ ಅದರಲ್ಲಿ ಸುಳಿಪ್ರವಾಹಗಳು ಹುಟ್ಟಿ, ಸುರುಳಿಯ ಪ್ರೇರಕತ್ವವು ತುಸು ಇಳಿಯುತ್ತದೆ. ಅಗಲವಾದ ಕಾರು ಎಬ್ಬಿಸುವ ಬದಲಾವಣೆ ದೊಡ್ಡದು; ಮೋಟಾರು ಸೈಕಲ್ಲಿನದು ಚಿಕ್ಕದು. ಸುರುಳಿಯ ಸೂಕ್ಷ್ಮತೆಯನ್ನು ಚೆನ್ನಾಗಿ ಹೊಂದಿಸದಿದ್ದರೆ ಮೋಟಾರು ಸೈಕಲ್ಲು ಹೋದದ್ದೇ ಅದಕ್ಕೆ ತಿಳಿಯದು.

ತರಂಗದ ಸಾಕ್ಷ್ಯ

ರಸ್ತೆಯನ್ನು ಅಗೆಯದೆ, ವಾಹನವನ್ನು ಮುಟ್ಟದೆ ವೇಗವನ್ನು ಅಳೆಯುವ ದಾರಿ ರೇಡಾರಿನದು. ಇದರ ಮೂಲತತ್ತ್ವವನ್ನು ರಸ್ತೆಯಲ್ಲಿ ನಿಂತವರೆಲ್ಲ ಕೇಳಿರುತ್ತಾರೆ. ಹಾರನ್ ಒತ್ತುತ್ತ ಬರುವ ಬಸ್ಸು ನಮ್ಮನ್ನು ದಾಟಿ ಹೋಗುವ ಗಳಿಗೆಯಲ್ಲಿ ಅದರ ಸ್ವರ ತಟ್ಟನೆ ಇಳಿಯುತ್ತದೆಯಷ್ಟೆ? ಹತ್ತಿರವಾಗುವ ಆಕರದಿಂದ ತರಂಗಗಳು ಒತ್ತೊತ್ತಾಗಿಯೂ ದೂರವಾಗುವ ಆಕರದಿಂದ ವಿರಳವಾಗಿಯೂ ನಮ್ಮನ್ನು ಸೇರುವುದೇ ಇದಕ್ಕೆ ಕಾರಣ. ಆಸ್ಟ್ರಿಯದ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಈ ತತ್ತ್ವವನ್ನು ಮಂಡಿಸಿದನು. ಆಗ ಅವನ ಗಮನವಿದ್ದುದು ನಕ್ಷತ್ರಗಳ ಬಣ್ಣದ ಕಡೆಗೆ. 1845ರಲ್ಲಿ ಹಾಲೆಂಡಿನ ಬಾಯ್ಸ್ ಬ್ಯಾಲಟ್ ಎಂಬ ವಿಜ್ಞಾನಿಯು ರೈಲಿನ ಮೇಲೆ ತುತೂರಿ ಊದುವವರನ್ನು ಕೂರಿಸಿ, ಸ್ವರಜ್ಞಾನವುಳ್ಳವರನ್ನು ದಾರಿಯ ಪಕ್ಕದಲ್ಲಿ ನಿಲ್ಲಿಸಿ, ಸ್ವರ ಏರಿಳಿಯುವುದನ್ನು ಪರೀಕ್ಷಿಸಿ ನೋಡಿದನು.

ರೇಡಾರ್ ಪೆಟ್ಟಿಗೆಯು ಧ್ವನಿಯ ಬದಲು ಸೂಕ್ಷ್ಮ ವಿದ್ಯುತ್ಕಾಂತ ತರಂಗಗಳನ್ನು ಕಳುಹಿಸುತ್ತದೆ. ಬಳಕೆಯಲ್ಲಿರುವ ಒಂದು ಬಗೆಯಲ್ಲಿ ಇವುಗಳ ಆವೃತ್ತಿ ಸೆಕೆಂಡಿಗೆ ಸುಮಾರು 2,400 ಕೋಟಿ. ತರಂಗದ ಉದ್ದ ಒಂದೂಕಾಲು ಸೆಂಟಿಮೀಟರು. ಎದುರಿಗೆ ಬರುವ ವಾಹನಕ್ಕೆ ತಾಗಿ ಹಿಂತಿರುಗಿದ ತರಂಗದ ಆವೃತ್ತಿ ಕೊಂಚ ಹೆಚ್ಚಿರುತ್ತದೆ. ಗಂಟೆಗೆ 60 ಕಿಲೊಮೀಟರು ವೇಗಕ್ಕೆ ಈ ಹೆಚ್ಚಳ ಸೆಕೆಂಡಿಗೆ ಕೇವಲ 2,670ರಷ್ಟು. 2,400 ಕೋಟಿಯಲ್ಲಿ ಎರಡೂವರೆ ಸಾವಿರದಷ್ಟು ಅಂತರವನ್ನು ಹುಡುಕುವುದೆಂದರೆ ಸಾಗರದಲ್ಲಿ ಸೇರಿದ ಬೊಗಸೆ ನೀರನ್ನು ಅಳೆದಂತೆ ತೋರಬಹುದು. ಆದರೆ ಉಪಾಯ ಸುಲಭ. ತಂಬೂರಿಯ ಎರಡು ತಂತಿಗಳ ಶ್ರುತಿ ತುಸುವೇ ಬೇರೆಯಾಗಿದ್ದರೆ ಅವುಗಳ ನಾದ ಕೂಡಿ, ಏರಿ ಇಳಿಯುವ ವಿಸ್ಪಂದಗಳು ಕೇಳಿಬರುತ್ತವೆ. ಹಾಗೆಯೇ ಹೋದ ತರಂಗವನ್ನೂ ಬಂದ ತರಂಗವನ್ನೂ ಬೆರೆಸಿದರೆ ಅವುಗಳ ಅಂತರಕ್ಕೆ ಸಮನಾದ ವಿಸ್ಪಂದ ಹುಟ್ಟುತ್ತದೆ. ಸೆಕೆಂಡಿಗೆ 2,670 ಎಂದರೆ ನಮ್ಮ ಕಿವಿಗೇ ಕೇಳಿಸಬಹುದಾದ ಸ್ವರ. ಅದನ್ನು ಎಣಿಸಿದರೆ ವೇಗ ತಿಳಿಯಿತು.

ಯಾವ ವಾಹನದ್ದು?

ಮೊದಲನೆಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಎರಡನೆಯದು ಈಗ ತಲೆಯೆತ್ತುತ್ತದೆ. ರೇಡಾರ್ ಕಿರಣವು ದಾರದಂತೆ ತೆಳ್ಳಗಿರುವುದಿಲ್ಲ. ದೀಪದ ಬೆಳಕಿನಂತೆ ಹರಡುತ್ತ ಹೋಗುತ್ತದೆ. 12 ಡಿಗ್ರಿ ಅಗಲದ ಕಿರಣವು 100 ಮೀಟರು ದೂರದಲ್ಲಿ 21 ಮೀಟರು ಅಗಲವನ್ನು ಆವರಿಸುತ್ತದೆ. ಅಷ್ಟರೊಳಗೆ ಬಂದ ಎಲ್ಲ ವಾಹನಗಳಿಂದಲೂ ಪ್ರತಿಫಲನ ಬರುತ್ತದೆ. ಲಾರಿಯ ಅಗಲವಾದ ತಗಡು ಬಲವಾದ ಪ್ರತಿಫಲನವನ್ನು ಕೊಟ್ಟರೆ, ಮೋಟಾರು ಸೈಕಲ್ಲಿನ ದುಂಡಗಿನ ಕಿರಿದಾದ ಮೈ ಕ್ಷೀಣವಾದುದನ್ನು ಕೊಡುತ್ತದೆ. ಮುಂದೆ ನಿಧಾನವಾಗಿ ಬರುವ ಮೋಟಾರು ಸೈಕಲ್ಲು, ಹಿಂದೆ ವೇಗವಾಗಿ ಬರುವ ಲಾರಿ ಇದ್ದಲ್ಲಿ, ಅಂಕಿ ಲಾರಿಯದಾಗಿಯೂ ದೂರು ಮೋಟಾರು ಸೈಕಲ್ಲಿನ ಮೇಲಾಗಿಯೂ ಪರಿಣಮಿಸುವ ಅಪಾಯವುಂಟು.

ಇದಕ್ಕೆ ಒಂದು ಪರಿಹಾರವು ಕಿರಣವನ್ನು ಕಿರಿದುಗೊಳಿಸಿ ರಸ್ತೆಗೆ ಓರೆಯಾಗಿ ಹಾಯಿಸುವುದು. ಆಗ ಒಂದು ಗಳಿಗೆಯಲ್ಲಿ ಒಂದೇ ವಾಹನ ಕಿರಣವನ್ನು ದಾಟುವಂತಾಗುತ್ತದೆ. ಓರೆಯಾದುದರಿಂದ ರೇಡಾರಿಗೆ ಕಾಣುವುದು ಪೂರ್ಣ ವೇಗವಲ್ಲ, ಕಿರಣದ ದಿಕ್ಕಿನಲ್ಲಿ ಬೀಳುವ ಅದರ ಅಂಶ ಮಾತ್ರ. ತ್ರಿಕೋನಮಿತಿ ಓದಿದವರಿಗೆ ಈ ಅಂಶವೆಂದರೆ ಕೋನದ ಕೊಸೈನ್ ಎಂಬುದು ಹೊಳೆಯುತ್ತದೆ. ಕೋನ 20 ಡಿಗ್ರಿಯಾದರೆ 60 ಕಿಲೊಮೀಟರು ವೇಗ 56.4 ಎಂದು ಕಾಣುತ್ತದೆ. ಉಪಕರಣ ಅದನ್ನು 0.94ರಿಂದ ಭಾಗಿಸಿ ಸರಿಪಡಿಸುತ್ತದೆ. ಕಾರು ತನ್ನ ಸಾಲಿನಲ್ಲಿ ನೆಟ್ಟಗೆ ಹೋಗುವವರೆಗೂ ಇದು ಸರಿ. ಆದರೆ ಸಂದಿಯಿಂದ ಸಂದಿಗೆ ಸರಿಯುವ ಮೋಟಾರು ಸೈಕಲ್ಲು 5 ಡಿಗ್ರಿಯಷ್ಟು ಓರೆಯಾಗಿ ಚಲಿಸಿ, ಕಿರಣಕ್ಕೂ ಅದರ ದಾರಿಗೂ ನಡುವಣ ಕೋನವು 15 ಡಿಗ್ರಿಯಾಯಿತೆನ್ನಿ. ಆಗ 60 ಕಿಲೊಮೀಟರು ವೇಗವು 61.7 ಎಂದು ದಾಖಲಾಗುತ್ತದೆ. ವ್ಯತ್ಯಾಸ ಸಣ್ಣದು, ಆದರೆ ಮಿತಿಯ ಅಂಚಿನಲ್ಲಿ ಓಡುವವನಿಗೆ ಅದು ದಂಡಕ್ಕೂ ಬಿಡುಗಡೆಗೂ ಇರುವ ಅಂತರ. ದಾಖಲಾದ ವೇಗದಿಂದ ಒಂದಿಷ್ಟನ್ನು ವಿನಾಯಿತಿಯಾಗಿ ಕಳೆಯುವ ಪದ್ಧತಿ ಅನೇಕ ದೇಶಗಳಲ್ಲಿರುವುದು ಈ ಕಾರಣದಿಂದಲೇ.

ಎರಡನೆಯ ಪರಿಹಾರ ಲೇಸರ್ ಕಿರಣದ್ದು. ಅದು 200 ಮೀಟರು ದೂರದಲ್ಲಿಯೂ ಸುಮಾರು 60 ಸೆಂಟಿಮೀಟರಿನಷ್ಟೇ ಹರಡುವುದರಿಂದ ಒಂದು ಮೋಟಾರು ಸೈಕಲ್ಲನ್ನೇ ಆರಿಸಿ ಗುರಿಯಿಡಬಹುದು. ಬೆಳಕಿನ ಮಿಡಿತವೊಂದು ಹೋಗಿ ಬರಲು ತಗಲುವ ಕಾಲವನ್ನು, ಅಷ್ಟು ದೂರಕ್ಕೆ ಇದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದೂ ಮೂರನೆಯೊಂದು ಪಾಲು, ಅಳೆದರೆ ದೂರ ತಿಳಿಯುತ್ತದೆ. ಅರೆಕ್ಷಣದಲ್ಲಿ ಇಂಥ ನೂರಾರು ಅಳತೆಗಳನ್ನು ತೆಗೆದು, ದೂರ ಕುಗ್ಗುವ ಬಗೆಯಿಂದ ವೇಗವನ್ನು ಲೆಕ್ಕಹಾಕುತ್ತಾರೆ.

ಮೂರನೆಯದು ಈಚಿನ ಬೆಳವಣಿಗೆ. ಒಂದರ ಬದಲು ಹಲವು ಗ್ರಾಹಕಗಳನ್ನು ಸಾಲಾಗಿ ಇಟ್ಟ ರೇಡಾರುಗಳಲ್ಲಿ, ಹಿಂತಿರುಗಿದ ತರಂಗವು ಒಂದೊಂದು ಗ್ರಾಹಕವನ್ನು ತಲುಪುವ ಹೊತ್ತಿನ ಅತ್ಯಲ್ಪ ವ್ಯತ್ಯಾಸದಿಂದ ಅದು ಬಂದ ದಿಕ್ಕು ತಿಳಿಯುತ್ತದೆ. ಕಳುಹಿಸುವ ಆವೃತ್ತಿಯನ್ನು ಸತತವಾಗಿ ಬದಲಿಸುತ್ತಿದ್ದರೆ ದೂರವೂ ತಿಳಿಯುತ್ತದೆ. ದಿಕ್ಕು, ದೂರ, ವೇಗ ಮೂರೂ ಕೂಡಿದಾಗ ಪ್ರತಿಯೊಂದು ವಾಹನಕ್ಕೂ ರಸ್ತೆಯ ನಕ್ಷೆಯ ಮೇಲೆ ಅದರದೇ ಒಂದು ಚುಕ್ಕೆ ದೊರೆಯುತ್ತದೆ. ಆ ಚುಕ್ಕೆ ಸರಿಯುವ ಹಾದಿಯನ್ನು ಯಂತ್ರ ಹಿಂಬಾಲಿಸುತ್ತದೆ.

ಎರಡು ಚಿತ್ರಗಳು

ಇಷ್ಟಾದರೂ ನ್ಯಾಯಸ್ಥಾನದಲ್ಲಿ ರೇಡಾರಿನ ಅಂಕಿಯೊಂದೇ ಸಾಲದು. ಆದುದರಿಂದಲೇ ಗ್ಯಾಟ್ಸೊ ಕ್ಯಾಮೆರಾವು ವೇಗವನ್ನು ಎರಡು ಸಲ, ಎರಡು ಬೇರೆ ವಿಧಗಳಿಂದ ಅಳೆಯುವಂತೆ ರಚಿತವಾಯಿತು. ಇಂಗ್ಲೆಂಡಿನಲ್ಲಿ ಇದು ಮೊದಲು ಬಳಕೆಗೆ ಬಂದುದು 1992ರಲ್ಲಿ, ಲಂಡನ್ನಿನ ಪಶ್ಚಿಮದ ಟ್ವಿಕೆನ್‌ಹ್ಯಾಮ್ ಸೇತುವೆಯ ಬಳಿ. ರೇಡಾರ್ ಮಿತಿಮೀರಿದ ವೇಗವನ್ನು ಕಂಡೊಡನೆ ಕ್ಯಾಮೆರಾ ಅರ್ಧ ಸೆಕೆಂಡಿನ ಅಂತರದಲ್ಲಿ ಎರಡು ಛಾಯಾಚಿತ್ರಗಳನ್ನು ತೆಗೆಯುತ್ತದೆ. ರಸ್ತೆಯ ಮೇಲೆ ಗೊತ್ತಾದ ಅಂತರಗಳಲ್ಲಿ ಬಿಳಿಯ ಗೆರೆಗಳನ್ನು ಬಳಿದಿರುತ್ತಾರೆ. ಎರಡು ಚಿತ್ರಗಳ ನಡುವೆ ಚಕ್ರವು ಎಷ್ಟು ಗೆರೆಗಳನ್ನು ದಾಟಿತೆಂದು ಎಣಿಸಿದರೆ ರೇಡಾರಿನ ಹಂಗಿಲ್ಲದೆಯೇ ವೇಗ ದೊರೆಯುತ್ತದೆ. ಅರ್ಧ ಸೆಕೆಂಡಿನಲ್ಲಿ 10 ಮೀಟರು ಸರಿದಿದ್ದರೆ ವೇಗ ಗಂಟೆಗೆ 72 ಕಿಲೊಮೀಟರು. ಎಣಿಸಬೇಕಾದುದು ಟಯರು ನೆಲವನ್ನು ಮುಟ್ಟುವ ಬಿಂದುವನ್ನು. ಸವಾರನ ತಲೆಯನ್ನೋ ಫಲಕವನ್ನೋ ಅಲ್ಲ. ಎತ್ತರದಲ್ಲಿರುವ ವಸ್ತುವು ಕ್ಯಾಮೆರಾದ ಕಣ್ಣಿಗೆ ಅದು ನಿಜವಾಗಿ ಇರುವ ಜಾಗದಿಂದ ಸರಿದಂತೆ ಕಾಣುತ್ತದೆ. ಲಾರಿಯ ವೇಗವು ಮೋಟಾರು ಸೈಕಲ್ಲಿನ ತಲೆಗೆ ಬಿದ್ದಿದ್ದರೆ ಈ ಎರಡನೆಯ ಲೆಕ್ಕದಲ್ಲಿ ಅದು ಬಯಲಾಗುತ್ತದೆ.

ಗ್ಯಾಟ್ಸೊ ಚಿತ್ರ ತೆಗೆಯುವುದು ಹಿಂದಿನಿಂದ. ಅದರ ಪ್ರಖರವಾದ ಬೆಳಕು ಎದುರಿನಿಂದ ಹೊಳೆದರೆ ಚಾಲಕನ ಕಣ್ಣು ಕೋರೈಸೀತು. ಟ್ರುವೆಲೊ ಎಂಬ ಇನ್ನೊಂದು ಬಗೆಯ ಕ್ಯಾಮೆರಾ ಬೆಳಕಿಗೆ ಶೋಧಕವನ್ನಿಟ್ಟು ಮುಂದಿನಿಂದ ಚಿತ್ರ ತೆಗೆಯುತ್ತದೆ. ಚಾಲಕನ ಮುಖವೂ ಕಾಣಲೆಂಬುದು ಉದ್ದೇಶ. ಆದರೆ ಬ್ರಿಟನ್ನಿನಲ್ಲಿ ಮೋಟಾರು ಸೈಕಲ್ಲುಗಳಿಗೆ 1975ರಿಂದ ಮುಂಭಾಗದ ಫಲಕ ಕಡ್ಡಾಯವಲ್ಲ. 2001ರ ಸೆಪ್ಟೆಂಬರ್ 1ರಿಂದೀಚೆಗೆ ನೋಂದಣಿಯಾದವು ಹಿಂದೆ ಮಾತ್ರ ಫಲಕವನ್ನು ಹೊಂದಿರಬೇಕು. ಆದುದರಿಂದ ಮುಂದಿನಿಂದ ನೋಡುವ ಕ್ಯಾಮೆರಾ ಅಲ್ಲಿನ ಮೋಟಾರು ಸೈಕಲ್ಲಿನ ವೇಗವನ್ನು ಸರಿಯಾಗಿ ಅಳೆದೂ ಅದು ಯಾರದೆಂದು ಹೇಳಲಾರದೆ ಕೈಚೆಲ್ಲುತ್ತದೆ. ವೇಗವನ್ನು ಅಳೆಯುವುದೇ ಬೇರೆ, ವಾಹನವನ್ನು ಗುರುತಿಸುವುದೇ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಅಕ್ಷರಗಳನ್ನು ಓದುವ ಯಂತ್ರ

ನಮ್ಮ ದೇಶದಲ್ಲಿ ಮೋಟಾರು ಸೈಕಲ್ಲಿಗೆ ಹಿಂದೆಯೂ ಮುಂದೆಯೂ ಫಲಕವಿರತಕ್ಕದ್ದು. ಹಾಗೆಂದು ಕೆಲಸ ಸುಲಭವಾಯಿತೆಂದು ತಿಳಿಯಬಾರದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರಿನ ಫಲಕದ ಅಕ್ಷರಗಳ ಎತ್ತರ 65 ಮಿಲಿಮೀಟರು. ಮೋಟಾರು ಸೈಕಲ್ಲಿನ ಮುಂಭಾಗದಲ್ಲಿ 30 ಮಿಲಿಮೀಟರು, ಗೆರೆಯ ದಪ್ಪ 5 ಮಿಲಿಮೀಟರು. ಚಿತ್ರದ ಒಂದು ಚುಕ್ಕಿಯು ನಿಜವಸ್ತುವಿನ 4 ಮಿಲಿಮೀಟರಿಗೆ ಸಮವೆಂದು ಇಟ್ಟುಕೊಂಡರೆ, ಕಾರಿನ ಅಕ್ಷರವು 16 ಚುಕ್ಕಿಗಳ ಎತ್ತರಕ್ಕೆ ಮೂಡುತ್ತದೆ. ಮೋಟಾರು ಸೈಕಲ್ಲಿನದು ಏಳೆಂಟು ಚುಕ್ಕಿಗಳಿಗೇ ಮುಗಿಯುತ್ತದೆ. ಎಂಟರ ಅಂಕಿಗೂ ಇಂಗ್ಲಿಷಿನ ಬಿ ಅಕ್ಷರಕ್ಕೂ, ಸೊನ್ನೆಗೂ ಡಿ ಅಕ್ಷರಕ್ಕೂ ಇರುವ ಭೇದವನ್ನು ಅಷ್ಟರಲ್ಲಿಯೇ ಕಾಣಬೇಕು.

ಇದರ ಮೇಲೆ ಚಲನೆಯ ತೊಂದರೆ. ಗಂಟೆಗೆ 72 ಕಿಲೊಮೀಟರು ವೇಗದ ವಾಹನವು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ 20 ಮಿಲಿಮೀಟರು ಸರಿಯುತ್ತದೆ. ಅದು ನೇರವಾಗಿ ಕ್ಯಾಮೆರಾದತ್ತ ಬರುತ್ತಿದ್ದರೆ ಚಿತ್ರ ಅಷ್ಟಾಗಿ ಕದಡದು. ಓರೆಯಾಗಿ ದಾಟುತ್ತಿದ್ದರೆ ಐದು ಮಿಲಿಮೀಟರಿನ ಗೆರೆ ಗುರುತು ಸಿಗದಂತೆ ಅಳಿಸಿಹೋದೀತು. ಆದುದರಿಂದ ಕ್ಯಾಮೆರಾದ ಕಣ್ಣು ಇನ್ನೂ ಅಲ್ಪಕಾಲ ಮಾತ್ರ ತೆರೆದಿರಬೇಕು. ಆಗ ಬೆಳಕು ಸಾಲದಾಗುತ್ತದೆ. ಈ ಕೊರತೆಯನ್ನು ತುಂಬಲು ಕಣ್ಣಿಗೆ ಕಾಣದ ಅವರಕ್ತ ಕಿರಣಗಳನ್ನು ಬೀರುತ್ತಾರೆ. ಬಂದ ದಿಕ್ಕಿಗೇ ಬೆಳಕನ್ನು ಮರಳಿಸುವ ಲೇಪವು ಫಲಕದ ಮೇಲಿರುವುದರಿಂದ, ಕಡುಗತ್ತಲೆಯಲ್ಲಿಯೂ ಅದೊಂದೇ ಹೊಳೆದು ಕಾಣುತ್ತದೆ.

ಆಮೇಲೆ ಗಣಕದ ಕೆಲಸ. ಫಲಕಗಳನ್ನು ತಾನಾಗಿ ಓದುವ ವ್ಯವಸ್ಥೆಯನ್ನು 1976ರಲ್ಲಿ ಬ್ರಿಟನ್ನಿನ ಪೊಲೀಸ್ ಸಂಶೋಧನ ಶಾಖೆಯಲ್ಲಿ ರೂಪಿಸಿದರು. ಗಣಕವು ಚಿತ್ರದಲ್ಲಿ ಫಲಕವಿರುವ ಜಾಗವನ್ನು ಹುಡುಕಿ, ಓರೆಯಾಗಿದ್ದರೆ ನೆಟ್ಟಗೆ ಮಾಡಿ, ಅಕ್ಷರಗಳನ್ನು ಬಿಡಿಬಿಡಿಯಾಗಿ ಬೇರ್ಪಡಿಸಿ, ಒಂದೊಂದನ್ನೂ ತಾನು ಕಲಿತ ಮಾದರಿಗಳೊಡನೆ ಹೋಲಿಸುತ್ತದೆ. ‘ಕೆಎ’ ಎಂಬೆರಡು ಅಕ್ಷರಗಳಾದ ಮೇಲೆ ಅಂಕಿಗಳೇ ಬರತಕ್ಕದ್ದೆಂಬ ನಿಯಮವನ್ನು ತಿಳಿದಿರುವುದರಿಂದ, ಆ ಸ್ಥಾನದಲ್ಲಿ ಬಿ ಅಕ್ಷರದಂತೆ ತೋರಿದುದನ್ನು ಅದು ಎಂಟೆಂದು ತಿದ್ದಿಕೊಳ್ಳಬಲ್ಲುದು. ಮೋಟಾರು ಸೈಕಲ್ಲಿನ ಹಿಂದಿನ ಫಲಕದಲ್ಲಿ ಬರಹ ಎರಡು ಸಾಲಾಗಿರುತ್ತದೆ. ತಿರುವಿನಲ್ಲಿ ವಾಹನ ವಾಲಿದಾಗ ಫಲಕವೂ ವಾಲುತ್ತದೆ. ಹಿಂಬದಿಯ ಸವಾರರ ಸೀರೆಯ ಸೆರಗೋ ತೂಗುಬಿಟ್ಟ ಚೀಲವೋ ಅದನ್ನು ಮುಚ್ಚುವುದುಂಟು. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಕಡ್ಡಾಯವಾದ ಒಂದೇ ಅಚ್ಚಿನ ಸುರಕ್ಷಾ ಫಲಕಗಳು, ಬಗೆಬಗೆಯ ಅಲಂಕಾರದ ಅಕ್ಷರಗಳಿಂದ ಯಂತ್ರಕ್ಕಿದ್ದ ಕಿರುಕುಳವನ್ನು ಕಡಿಮೆ ಮಾಡಿವೆ.

ಫಲಕವನ್ನು ಓದಲು ಬಂದ ಮೇಲೆ ರೇಡಾರ್ ಇಲ್ಲದೆಯೂ ವೇಗವನ್ನು ತಿಳಿಯಬಹುದು. ರಸ್ತೆಯಲ್ಲಿ 10 ಕಿಲೊಮೀಟರು ಅಂತರದಲ್ಲಿ ಎರಡು ಕ್ಯಾಮೆರಾಗಳಿವೆಯೆನ್ನಿ. ಮಿತಿ 80 ಕಿಲೊಮೀಟರಾದರೆ ಈ ದಾರಿಗೆ ಏಳೂವರೆ ನಿಮಿಷ ಬೇಕು. ಆರೇ ನಿಮಿಷದಲ್ಲಿ ಎರಡನೆಯ ಕ್ಯಾಮೆರಾಕ್ಕೆ ಕಾಣಿಸಿಕೊಂಡವನ ಸರಾಸರಿ ವೇಗ 100. ಕ್ಯಾಮೆರಾದ ಮುಂದೆ ಮಾತ್ರ ಬ್ರೇಕು ಹಾಕುವ ಜಾಣತನ ಇಲ್ಲಿ ನಡೆಯದು. ಗ್ಯಾಟ್ಸೊನಿಡಿಸನ ಎರಡು ರಬ್ಬರ್ ಪಟ್ಟಿಗಳೇ ಮೈಲಿಗಟ್ಟಲೆ ದೂರ ಸರಿದು ನಿಂತಿವೆಯೆಂದು ಹೇಳಬಹುದು.

ಯಂತ್ರಕ್ಕೆ ತಿಳಿಯದ ಉತ್ತರ

ಇನ್ನು ಮೂರನೆಯ ಪ್ರಶ್ನೆ. ಕ್ಯಾಮೆರಾ ಗುರುತಿಸುವುದು ವಾಹನವನ್ನೇ ಹೊರತು ಮನುಷ್ಯನನ್ನಲ್ಲ. ಅಣ್ಣನ ಹೆಸರಿನ ಗಾಡಿಯನ್ನು ತಮ್ಮ ಓಡಿಸಿರಬಹುದು; ಹೆಲ್ಮೆಟ್ಟಿನೊಳಗಣ ಮುಖ ಯಾರದೆಂದು ಯಾವ ತರಂಗವೂ ಹೇಳದು. ಆದುದರಿಂದ ಈ ಪ್ರಶ್ನೆಯನ್ನು ಕಾನೂನು ಕೈಗೆತ್ತಿಕೊಳ್ಳುತ್ತದೆ. 1988ರ ನಮ್ಮ ಮೋಟಾರು ವಾಹನ ಅಧಿನಿಯಮದ 133ನೆಯ ಪ್ರಕರಣದಂತೆ, ಓಡಿಸುತ್ತಿದ್ದವರು ಯಾರೆಂಬುದನ್ನು ಅಧಿಕಾರಿ ಕೇಳಿದಾಗ ತಿಳಿಸುವ ಹೊಣೆ ಒಡೆಯನದು. ಯಂತ್ರಕ್ಕೂ ನಿರ್ಬಂಧಗಳುಂಟು. ಕೇಂದ್ರ ನಿಯಮಗಳಿಗೆ 2021ರಲ್ಲಿ ಸೇರಿದ 167ಎ ನಿಯಮದಂತೆ, ಇಂಥ ಉಪಕರಣಕ್ಕೆ ಮಾನ್ಯತಾ ಪತ್ರವಿರಬೇಕು, ಅದನ್ನು ವರ್ಷವರ್ಷವೂ ನವೀಕರಿಸಬೇಕು. ಕ್ಯಾಮೆರಾ ಇದೆಯೆಂಬ ಎಚ್ಚರಿಕೆಯ ಫಲಕ ರಸ್ತೆಯಲ್ಲಿರಬೇಕು. ಅಪರಾಧ ನಡೆದ ಹದಿನೈದು ದಿನಗಳೊಳಗೆ ನೋಟೀಸು ಹೋಗಬೇಕು.

ಕೇವಲ ದಂಡ ವಸೂಲಿಗಾಗಿ ಇಷ್ಟೆಲ್ಲ ಸಾಹಸವೇ ಎಂದು ಕೇಳುವವರುಂಟು. ಭೌತಶಾಸ್ತ್ರದ ಇನ್ನೊಂದು ಪಾಠವನ್ನು ಅವರಿಗೆ ನೆನಪಿಸಬೇಕಾಗುತ್ತದೆ. ಚಲನ ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ವೇಗ 40ರಿಂದ 60ಕ್ಕೆ ಏರಿದರೆ ಹೆಚ್ಚಿದ್ದು ಒಂದೂವರೆ ಪಾಲಷ್ಟೇ ಎನಿಸುತ್ತದೆ. ಢಿಕ್ಕಿಯಲ್ಲಿ ಹೊರಬೀಳುವ ಶಕ್ತಿ ಎರಡೂಕಾಲು ಪಾಲಾಗಿರುತ್ತದೆ. ಕಾರಿನಲ್ಲಿ ಈ ಶಕ್ತಿಯ ಬಹುಪಾಲನ್ನು ತಗಡು ನುಗ್ಗಾಗಿ ಹೀರಿಕೊಳ್ಳುತ್ತದೆ. ಮೋಟಾರು ಸೈಕಲ್ಲಿನಲ್ಲಿ ಹೀರಿಕೊಳ್ಳುವುದಕ್ಕೆ ಇರುವುದು ಸವಾರನ ದೇಹ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಮಡಿದ 1,68,491 ಜನರಲ್ಲಿ ಶೇಕಡ 44.5ರಷ್ಟು ಮಂದಿ ದ್ವಿಚಕ್ರ ವಾಹನಗಳ ಮೇಲಿದ್ದವರು. ಅನೇಕ ದೇಶಗಳ 35 ಅಧ್ಯಯನಗಳನ್ನು 2010ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಕ್ಯಾಮೆರಾಗಳ ಆಸುಪಾಸಿನಲ್ಲಿ ಸಾವು ಮತ್ತು ತೀವ್ರ ಗಾಯಗಳ ಅಪಘಾತಗಳು ಶೇಕಡ 11ರಿಂದ 44ರವರೆಗೆ ಇಳಿದುದು ಕಂಡುಬಂದಿತು.

ಈ ಇಳಿತವು ನಿಂತಿರುವುದು ಜನರ ನಂಬಿಕೆಯ ಮೇಲೆ. ತಪ್ಪು ಮಾಡದವನಿಗೆ ನೋಟೀಸು ಹೋದರೆ ಆ ನಂಬಿಕೆ ಸಡಿಲುತ್ತದೆ. ತಪ್ಪು ಮಾಡಿದವನು ಸಂದಿಯಲ್ಲಿ ನುಸುಳಿ ಪಾರಾದರೂ ಸಡಿಲುತ್ತದೆ. ಲಾರಿಯ ವೇಗವನ್ನು ಮೋಟಾರು ಸೈಕಲ್ಲಿನ ತಲೆಗೆ ಕಟ್ಟದಿರುವ ಉಪಕರಣವೇ ಸವಾರನನ್ನು ಸರಿಯಾಗಿ ಎಚ್ಚರಿಸಬಲ್ಲ ಉಪಕರಣ. ಒಂದು ಗೆರೆ, ಒಂದು ಕೋನ, ಏಳೆಂಟು ಚುಕ್ಕಿಗಳ ಒಂದು ಅಕ್ಷರ, ಇವುಗಳಿಗಾಗಿ ವಿಜ್ಞಾನಿಗಳು ಇಷ್ಟು ತಲೆಕೆಡಿಸಿಕೊಳ್ಳುವುದು ಇದಕ್ಕಾಗಿ.